ಓದಲು ಬಾರದ ಕಾಗದಕ್ಕೆ ರುಜು

ನನ್ನ ಅತ್ತಿಗೆ ರಾಮನಾಥಪುರದಲ್ಲಿ ಹೊಗೆಸೊಪ್ಪು ಬೆಳೆಯುವವಳು. ನಾನು ಹೊಳೆನರಸೀಪುರದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಹಾಸನದಿಂದ ಮಲೇಷ್ಯಾ ಪ್ರವಾಸಕ್ಕೆ ಹೊರಟ ತಂಡಕ್ಕೆ ಅವಳನ್ನೂ ಒತ್ತಾಯ ಮಾಡಿ ಸೇರಿಸಿದ್ದೆ.

ಅಲ್ಲೊಂದು ದೊಡ್ಡ ಅಂಗಡಿಯಲ್ಲಿ ಅತ್ತಿಗೆ ಚಪ್ಪಲಿ ಹಾಕಿ ನೋಡಲು ಬೆಂಚಿನ ಮೇಲೆ ಕೂತಳು. ಏಳುವಾಗ ತನ್ನದೆಂದುಕೊಂಡು ಪಕ್ಕದ ಹೆಂಗಸಿನ ಕಪ್ಪು ಚೀಲ ಎತ್ತಿಕೊಂಡಳು. ಆ ಹೆಂಗಸು ಕೂಗಿಕೊಂಡಳು; ಬಾಗಿಲು ದಾಟುವಷ್ಟರಲ್ಲಿ ಇಬ್ಬರು ಪೊಲೀಸರು ಅಡ್ಡ ನಿಂತರು. ನಮ್ಮ ತಂಡದವರು ಆಗಲೇ ಬಸ್ಸಿನತ್ತ ಹೋಗಿದ್ದರು; ಜೊತೆಗಿದ್ದವಳು ನಾನೊಬ್ಬಳೇ.

ಠಾಣೆಯಲ್ಲಿ ಪಾಸ್‌ಪೋರ್ಟ್ ಕೇಳಿದರು. ಅದಿದ್ದದ್ದು ಅವಳ ಸ್ವಂತ ಚೀಲದಲ್ಲಿ. ಆ ಚೀಲ ಎಲ್ಲಿದೆಯೋ!

"ನಾನ್ ಕದ್ದಿಲ್ಲ ಕಣವ್ವಾ. ಇವ್ರಿಗೆ ಯೋಳು, ನಾನ್ ಅಂಥೋಳಲ್ಲ ಅಂತ ಯೋಳು," ಎಂದು ಅತ್ತಿಗೆ ನನ್ನ ತೋಳು ಹಿಡಿದಳು.

ಮಹಿಳಾ ಪೊಲೀಸ್ ಒಬ್ಬಳು ಕಾಗದವೊಂದನ್ನು ಮುಂದಿಟ್ಟು ರುಜುವಿನ ಜಾಗ ತೋರಿಸಿದಳು. ಅದು ಮಲಯ ಭಾಷೆಯಲ್ಲಿತ್ತು, ಒಂದು ಮಾತೂ ನಮಗೆ ತಿಳಿಯದು. ಅತ್ತಿಗೆ ಪೆನ್ನು ಎತ್ತಿಕೊಂಡೇಬಿಟ್ಟಳು.

"ಆಕ್ಬುಡ್ತೀನಿ. ಬುಟ್ಬುಟ್ರೆ ಸಾಕು."

"ಬೇಡ ಅತ್ತಿಗೆ!" ಎಂದು ಪೆನ್ನು ಕಿತ್ತುಕೊಂಡೆ.

ಚನ್ನರಾಯಪಟ್ಟಣದಲ್ಲಿ ವಕೀಲರಾಗಿರುವ ನಮ್ಮ ಭಾವ ಹೊರಡುವ ಮುಂಚೆ ಹೇಳಿದ್ದು ಆಗ ತಲೆಗೆ ಬಂತು: "ಓದಕ್ಕೆ ಬಾರ್ದಿರೋ ಕಾಗ್ದಕ್ಕೆ ಸೈನ್ ಆಕ್ಬ್ಯಾಡ. ನಮ್ಮ ದೇಶದ ರಾಯಭಾರ ಕಚೇರಿಗೆ ತಿಳ್ಸಿ ಅಂತ ಕೇಳು. ಅದು ನಿನ್ನ ಅಕ್ಕು ಕಣವ್ವ."

ಅದನ್ನೇ ಇಂಗ್ಲಿಷಿನಲ್ಲಿ ಕೇಳಿದೆ. ಭಾಷೆ ಬಲ್ಲವರೊಬ್ಬರು ಬಂದು ಓದಿ ಹೇಳುವ ತನಕ ರುಜು ಹಾಕುವುದಿಲ್ಲ ಎಂದೆ. ಆ ಪೊಲೀಸಿನವಳು ನನ್ನನ್ನೇ ದಿಟ್ಟಿಸಿ, ಎದ್ದು ಒಳಗೆ ಹೋದಳು. ಸಿಟ್ಟಾದಳೇ? ನನ್ನಿಂದಲೇ ಅತ್ತಿಗೆಯನ್ನು ಒಳಗೆ ಹಾಕುತ್ತಾರೇನೋ ಎನಿಸಿತು. ಅಣ್ಣನಿಗೆ ಏನಂತ ಹೇಳಲಿ?

ಆದರೆ ಪೊಲೀಸಿನವಳು ಮರಳಿ ಬಂದದ್ದು ಫೋನ್ ಹಿಡಿದುಕೊಂಡು. ಆ ಕಡೆ ನಮ್ಮ ರಾಯಭಾರ ಕಚೇರಿಯವರು ಹಿಂದಿಯಲ್ಲಿ ಮಾತಾಡಿದರು. "ಹೆದರಬೇಡಿ, ನಡೆದದ್ದನ್ನಷ್ಟೇ ಹೇಳಿ, ರುಜು ಆಮೇಲೆ," ಎಂದರು. ಅಂಗಡಿಯ ಕ್ಯಾಮೆರಾ ನೋಡಲು ಪೊಲೀಸರೂ ಒಪ್ಪಿದರು. ಅತ್ತಿಗೆ ಚೀಲ ಅದಲುಬದಲು ಮಾಡಿಕೊಂಡದ್ದು ಅದರಲ್ಲಿ ಕಂಡಿತು. ಅವಳ ಚೀಲ ಬೆಂಚಿನ ಕೆಳಗೇ ಬಿದ್ದಿತ್ತು, ಪಾಸ್‌ಪೋರ್ಟ್ ಸಮೇತ. ಚೀಲದೊಡತಿ ದೂರು ಬೇಡವೆಂದಳು.

ಸಂಜೆ ರುಜು ಹಾಕಿಸಿಕೊಳ್ಳದೆಯೇ ನಮ್ಮನ್ನು ಬಿಟ್ಟರು. ಹೊರಗಿನ ಮೆಟ್ಟಿಲ ಮೇಲೆ ಅತ್ತಿಗೆ ಕೂತುಬಿಟ್ಟಳು.

"ಆ ಕಾಗ್ದದಾಗೆ ಏನ್ ಬರ್ದಿತ್ತವ್ವಾ?" ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ಇವತ್ತಿಗೂ ಗೊತ್ತಿಲ್ಲ.