ತಗಡಿನ ಮಾಡಿನ ಶಾಲೆ

ಟೀಚರಮ್ಮನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ. ಹೊರಗೆ ಜೂನ್ ತಿಂಗಳ ಮಳೆ, ತಲೆಯ ಮೇಲೆ ತಗಡಿನ ಮಾಡು. ಮಗಳು ಮರೆತು ಹೋದ ಊಟದ ಡಬ್ಬಿ ಹಿಡಿದುಕೊಂಡು ಹೋಗಿದ್ದ ನಾನು ಮೂರನೇ ಕ್ಲಾಸಿನ ಬಾಗಿಲಲ್ಲೇ ನಿಂತುಬಿಟ್ಟೆ. ಗದಗದ ಕಡೆ ಹುಟ್ಟಿ ಬೆಳೆದವಳು ನಾನು, ಇಂಥ ಸದ್ದನ್ನು ಜನ್ಮದಲ್ಲಿ ಕೇಳಿರಲಿಲ್ಲ.

ಯಜಮಾನರಿಗೆ ಕರಾವಳಿಯ ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಿ ನಾವು ಇಲ್ಲಿಗೆ ಬಂದದ್ದು ಬೇಸಿಗೆಯಲ್ಲಿ. ರೊಟ್ಟಿ ಬಿಟ್ಟು ಕುಚ್ಚಲಕ್ಕಿ ಗಂಜಿಗೆ ಹೇಗೋ ಒಗ್ಗಿಕೊಂಡೆವು. ಅದೂ ಕನ್ನಡ, ಇದೂ ಕನ್ನಡ. ಆದರೂ ಮನೆ ಬಾಡಿಗೆಗೆ ಕೊಟ್ಟ ಗುಲಾಬಿಯಕ್ಕ 'ಹ್ವಾಯ್, ಎಂತ ಮಾಡ್ತಿದ್ರಿ?' ಎಂದು ಕೇಳಿದರೆ, ನಾನು ಅರ್ಥ ಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವರು ಬಾವಿಕಟ್ಟೆ ದಾಟಿರುತ್ತಿದ್ದರು.

ನನ್ನ ಚಿಂತೆಯೆಲ್ಲ ಮಗಳು ರೇಣುಕಾಳದ್ದು. ಅವಳಿಗೆ ಒಂದು ಕಿವಿ ಪೂರ್ತಿ ಕೇಳುವುದಿಲ್ಲ, ಇನ್ನೊಂದು ಅರ್ಧ. ಪೇಟೆಯ ಸಿಮೆಂಟ್ ಮಾಡಿನ ಶಾಲೆಯ ಫೀಸು ನಮ್ಮ ಕೈಗೆಟುಕುವಂಥದ್ದಲ್ಲ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಲ್ಲ! ಹಾಗಾಗಿ ಈ ಸಣ್ಣ ಖಾಸಗಿ ಶಾಲೆಯನ್ನು ಏಪ್ರಿಲ್‌ನಲ್ಲಿ ಎರಡೆರಡು ಸಲ ನೋಡಿಬಂದೆ. ನಮ್ಮ ಕಡೆಯವರು ಏನು ನೋಡುತ್ತಾರೋ ಅದನ್ನೇ ನೋಡಿದೆ: ಬಾವಿ ಬೇಸಿಗೆಗೆ ಬತ್ತುತ್ತದೋ, ಅಂಗಳದಲ್ಲಿ ನೆರಳಿದೆಯೋ. ಕ್ಲಾಸಿನಲ್ಲಿ ಮಕ್ಕಳು ಕಡಿಮೆ, ಗಲಾಟೆಯಿಲ್ಲ. ಮಗಳನ್ನು ಮುಂದಿನ ಬೆಂಚಿನಲ್ಲೇ ಕೂರಿಸುತ್ತೇನೆಂದು ದೊಡ್ಡ ಟೀಚರು ಮಾತು ಕೊಟ್ಟರು. ತಗಡನ್ನೂ ನೋಡಿದೆ, ನೋಡಲಿಲ್ಲವೆಂದಲ್ಲ. 'ಬ್ಯಾಸಗಿಗೆ ಕಾಯ್ತದೇನ್ರೀ?' ಎಂದು ಕೇಳಿದೆ. ಅವರು ಫ್ಯಾನು ತೋರಿಸಿದರು. ಕೊಟ್ಟ ಫೀಸಿಗೆ ಮೋಸವಿಲ್ಲ ಎಂದುಕೊಂಡು ಸೇರಿಸಿದೆ.

ಈಗ ಪಾಠ ಮಾಡುತ್ತಿದ್ದ ಅದೇ ದೊಡ್ಡ ಟೀಚರ ಕಿವಿಯ ಹತ್ತಿರ ಹೋಗಿ ಕೂಗಿದೆ, 'ನನ್ನ ಮಗಳಿಗೆ ಹೆಂಗ ಕೇಳಸ್ತದ್ರೀ?'

'ಮಳಿ ಬಂದ್ರೆ ಇಲ್ಲಿ ಯಾರಿಗೂ ಎಂತದೂ ಕೇಂತಿಲ್ಲೆ ಅಮ್ಮಾ. ಆದಷ್ಟ್ ಬೋರ್ಡಲ್ಲೇ ಬರಿತೆ. ಶೀಟಿನ ಮಾಡ್ ಅಲ್ದಾ? ನೀವ್ ಕಂಡೇ ಸೇರ್ಸಿದ್ದಲ್ದಾ?'

ಅವರ ಮಾತಿನಲ್ಲಿ ಕೊಂಕಿರಲಿಲ್ಲ. ಈ ಊರಿನವರಿಗೆ ತಗಡು ಅಂದರೆ ಸದ್ದು, ನಮಗೆ ಬರೀ ಬಿಸಿಲು. ವರ್ಷದ ಫೀಸು ಕಟ್ಟಿಯಾಗಿತ್ತು, ಬೇರೆ ಶಾಲೆಗೆ ದಾರಿಯಿರಲಿಲ್ಲ. 'ಏನ್ ಮಾಡೂದು, ದೇವ್ರು ಅದಾನ' ಎಂದು ರಾತ್ರಿ ಯಜಮಾನರು ಮಗ್ಗುಲು ಬದಲಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಊರಲ್ಲಿ ಮಳೆಗಾಗಿ ಕೈಮುಗಿದವಳು ಇಲ್ಲಿ ಇಡೀ ಆಷಾಢ ಮಳೆ ನಿಲ್ಲಲೆಂದು ಕೈಮುಗಿದೆ.

ಆದರೆ ಮಗಳು ನಗುನಗುತ್ತ ಬರತೊಡಗಿದಳು. ತುಟಿ ನೋಡಿ ಮಾತು ತಿಳಿಯುವುದು ಅವಳಿಗೆ ಚಿಕ್ಕಂದಿನಿಂದಲೂ ರೂಢಿ. ಮಳೆ ಜೋರಾದರೆ ಬೆಂಚಿನವರೆಲ್ಲ ಅವಳ ರಟ್ಟೆ ಜಗ್ಗಿ, 'ಟೀಚರ್ ಎಂತ ಹೇಳಿದ್ರ್?' ಎಂದು ಸನ್ನೆಯಲ್ಲಿ ಕೇಳುತ್ತಿದ್ದರಂತೆ. ಇವಳು ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದಳಂತೆ. ಟೀಚರು ತಮ್ಮಷ್ಟಕ್ಕೆ ಬೈದುಕೊಂಡದ್ದನ್ನೂ ಬಿಡುತ್ತಿರಲಿಲ್ಲವಂತೆ, ಕಳ್ಳಿ!

ಚೌತಿ ಕಳೆದ ಮೇಲೆ ಬಿಸಿಲು ಬಂತು. ಇನ್ನಾದರೂ ಮಗಳಿಗೆ ಪಾಠ ಕೇಳುತ್ತದೆಂದು ಹಿಗ್ಗಿದೆ. ಅವತ್ತು ಸಂಜೆ ಅವಳು ಚೀಲ ಮೂಲೆಗೆಸೆದು ಮೆಟ್ಟಿಲ ಮೇಲೆ ಕೂತಳು. ಏನಾಯಿತೆಂದು ಕೇಳಿದೆ. ಅವಳು ಅಂದಳು:

'ಅವ್ವಾ, ನಮ್ಮ ಕ್ಲಾಸಿನ್ಯಾಗ ಎಲ್ಲಾರಿಗೂ ಕಿವಿ ಬಂದಾವ. ನನಗಷ್ಟ ಇಲ್ಲ.'

ನಾನು ಅವಳನ್ನು ಅವಚಿಕೊಂಡು, ರಜೆಗೆ ನಮ್ಮ ಊರಿಗೆ ಹೋಗೋಣ, ಅಜ್ಜಿ ಕಾಯುತ್ತಿದ್ದಾಳೆ ಎಂದೆ. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

'ಬ್ಯಾಡವ್ವಾ, ಅಲ್ಲಿ ಮಳೀನ ಬರೂದಿಲ್ಲ' ಎಂದಳು.