ಮೊಳೆಯಲ್ಲಿ ಉಳಿದ ಕೆಂಪು ಬಳೆ

ಚಳ್ಳಕೆರೆ ಎಣ್ಣೆ ಮಿಲ್ಲುಗಳಿಂದ ಬೆಳೆದ ಊರು. ಆ ನೆನಪಿಗೆಂದು ಮುಚ್ಚಿಹೋದ ಮಿಲ್ಲೊಂದರ ಹಳೇ ಯಂತ್ರಕ್ಕೆ ಹಸಿರು ಬಣ್ಣ ಬಳಿದು, ಹಾರ ಹಾಕಿ, ರಸ್ತೆ ಬದಿಯ ಕಟ್ಟೆಯ ಮೇಲೆ ನಿಲ್ಲಿಸಿದ್ದಾರೆ. ಇವತ್ತು ಅದರ ಪೂಜೆಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಹೊಸ ಬಣ್ಣದ ಅಡಿಯಿಂದ ಶೇಂಗಾ ಹಿಂಡಿಯ ಬಿಸಿ ವಾಸನೆ ಬಂದಂತಾಯಿತು.

ಅವ್ವ ಇಂಥದೇ ಯಂತ್ರದ ಬಾಯಿಗೆ ಶೇಂಗಾ ಬೀಜ ಸುರಿಯುತ್ತಿದ್ದಳು. ಕೆಲಸಕ್ಕೆ ಮುಂಚೆ ಹೆಂಗಸರೆಲ್ಲ ಬಳೆ ಕಳಚಿ ಬಾಗಿಲ ಮೊಳೆಗೆ ಹಾಕಬೇಕಿತ್ತು. ಎಣ್ಣೆಗೈಯಿಂದ ಗಾಜಿನ ಬಳೆ ತಾನೇ ಜಾರುತ್ತಿತ್ತು. ಅಜ್ಜಿಗೆ ಅದು ಅಪಶಕುನ.

"ಮುತ್ತೈದೆ ಬರಿಗೈಲಿ ಇರಬಾರ್ದು ಕಣೇ."

"ಬಳೆ ಹೋದ್ರೆ ಬಳೆಗಾರ ತೊಡಿಸ್ತಾನೆ. ಕೈ ಹೋದ್ರೆ ಯಾರು ಕೊಡ್ತಾರೆ, ಅತ್ತೆ?"

ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೇ ಹೋಗುತ್ತಿದ್ದೆ. ಯಂತ್ರದ ಸದ್ದಿಗೆ ಮೊಳೆಯ ಬಳೆಗಳು ಕಿಣಿಕಿಣಿ ನಡುಗುತ್ತಿದ್ದವು. ಒಂದು ಸಂಜೆ ಹೆಂಗಸರೆಲ್ಲ ಬಳೆ ತೊಟ್ಟು ಹೊರಟರು. ಅವ್ವನ ಜೊತೆಗಾತಿ ತಿಪ್ಪಕ್ಕನ ಕೆಂಪು ಬಳೆಗಳು ಮಾತ್ರ ಮೊಳೆಯಲ್ಲೇ ಉಳಿದವು. ಯಂತ್ರದ ಮುಂದೆ ನೆಲಕ್ಕೆ ಹೊಸದಾಗಿ ಶೇಂಗಾ ಹೊಟ್ಟು ಸುರಿದಿದ್ದರು. ಏನಾಯಿತೆಂದು ಅವ್ವ ಯಾವತ್ತೂ ಹೇಳಿರಲಿಲ್ಲ. ಮರುದಿನ ಯಂತ್ರ ಓಡಿತು. ಆ ಬಳೆಗಳೂ ನಡುಗಿದವು.

ಇವತ್ತು ಯಾರೋ ಅವ್ವನ ಕೈಗೆ ಕುಂಕುಮದ ಬಟ್ಟಲು ಕೊಟ್ಟು, "ಹಳಬರು ನೀವು, ಯಂತ್ರಕ್ಕೆ ನೀವೇ ಹಚ್ರಿ" ಎಂದರು. ಅವ್ವ ಬಟ್ಟಲು ಕೆಳಗಿಟ್ಟು, ಬಳೆ ಒಂದೊಂದೇ ಕಳಚಿ ನನ್ನ ಅಂಗೈಗೆ ಹಾಕಿದಳು. ಸೆರಗು ಬಿಗಿದು ಸಿಕ್ಕಿಸಿದಳು.

"ಅದು ನಿಂತೈತವ್ವಾ," ಎಂದೆ.

"ಅವತ್ತೂ ನಿಂತಿತ್ತು. ತಿಪ್ಪಕ್ಕ ಕೈ ಹಾಕಿದ್ಲು. ಕರೆಂಟ್ ಬಂತು."