ಪರ್ಕಳದಲ್ಲಿ ನಾನು ಇಳಿಯದ ದಿನ

ಇದನ್ನು ಹೇಳಬೇಕು ಎಂದುಕೊಳ್ಳುತ್ತಲೇ ಎರಡು ವರ್ಷ ತಳ್ಳಿದೆ.

ಕಾರ್ಕಳದಿಂದ ಉಡುಪಿಗೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರ್‌ಗೆ ವೀಡಿಯೊ ಗೇಮಿನ ಹುಚ್ಚು. ಲೋಕವೆಲ್ಲ ಹಾಳಾದ ಮೇಲೆ ಬದುಕುಳಿದವರ ಆಟವೊಂದು ಟಿವಿ ಧಾರಾವಾಹಿಯಾಗಿ ಬಂದಾಗ, ಅವನಿಗೂ ಮಣಿಪಾಲದ ಕಾಲೇಜು ಮಕ್ಕಳಿಗೂ ದಿನಾ ವಾದ. ಕಂಬಕ್ಕೆ ಒರಗಿ, ಟಿಕೆಟ್ ಮೆಷಿನ್ನನ್ನು ಎರಡೂ ಹೆಬ್ಬೆರಳುಗಳಿಂದ ಒತ್ತುತ್ತಾ, "ಆಡಿದವನಿಗೆ ಗೊತ್ತು" ಎನ್ನುತ್ತಿದ್ದ.

ಆ ದಿನ ನಾನು ಪರ್ಕಳಕ್ಕೆ, ತಂಗಿಯ ಮಗಳ ಮದುವೆಗೆ, ತಡವಾಗಿಯೇ ಹೊರಟಿದ್ದೆ.

"ಟಿವಿಯಲ್ಲೇ ಚಂದ ಉಂಟು" ಎಂದಳು ಒಬ್ಬ ಹುಡುಗಿ.

"ಎಂತ ಚಂದ? ಟಿವಿಯಲ್ಲಿ ಬಾಗಿಲು ಗಾಳಿಗೆ ತಾನೇ ಮುಚ್ಚಿತು. ಆಟದಲ್ಲಿ ಗೆಳೆಯನನ್ನು ಹೊರಗೆ ಬಿಟ್ಟು ನಾವೇ ಬಟನ್ ಒತ್ತಿ ಮುಚ್ಚಬೇಕು ಮಾರಾಯ್ತಿ. ಆಡಿದವನಿಗೆ ಗೊತ್ತು. ಪರ್ಕಳ, ಪರ್ಕಳ! ಇಳಿಯುವವರು ಬನ್ನಿ!"

ಅವನು ಕೂಗಿದ್ದು ನನಗೆ ಕೇಳಿಸಿತ್ತು. ಆದರೂ ಕಥೆಯ ಆಸೆಗೆ ಕುಳಿತೇ ಇದ್ದೆ. ಏಳುವಾಗ ಮಣಿಪಾಲ ಬಂದಿತ್ತು.

"ಸೋದರಮಾವ ಇಲ್ಲದೆ ಧಾರೆ ಆಯಿತಲ್ಲ ಅಣ್ಣ!" ಎಂದು, ನಾನು ತಿರುಗಿ ಮದುವೆ ಮನೆಗೆ ಬಂದಾಗ ತಂಗಿ ಅತ್ತಳು.

"ಕಂಡಕ್ಟರ್ ಹರಟುತ್ತಾ ಸ್ಟಾಪನ್ನೇ ಹೇಳಲಿಲ್ಲ" ಎಂದೆ. ಪಕ್ಕದಲ್ಲೇ ಬಸ್ಸಿನ ಮಾಲೀಕರು ಊಟಕ್ಕೆ ಕುಳಿತಿದ್ದರು. ಮರುದಿನದಿಂದ ಬೇರೆ ಕಂಡಕ್ಟರ್.

ಮೊನ್ನೆ ಆ ಹಳೆಯ ಕಂಡಕ್ಟರ್ ಕಾಪುವಿನ ಸಮುದ್ರದ ಬದಿ ಚರುಮುರಿ ಮಾರುತ್ತಿದ್ದ. ದೂರು ಯಾರದೆಂದು ಅವನಿಗೆ ಈಗಲೂ ಗೊತ್ತಿಲ್ಲ.

"ಅಜ್ಜ, ಆರಾಮ ಅಲ್ವಾ? ಧಾರಾವಾಹಿಯ ಎರಡನೇ ಭಾಗ ಬಂತು. ಇಲ್ಲಿ ಜಗಳ ಆಡಲಿಕ್ಕೆ ಒಬ್ಬರೂ ಇಲ್ಲ" ಎಂದು ನಕ್ಕು, ಚರುಮುರಿಯ ಪೊಟ್ಟಣ ಕೈಗಿತ್ತ.

ಹೇಳಬೇಕೆಂದು ತೆರೆದ ಬಾಯಿಗೆ ಚರುಮುರಿ ಹಾಕಿಕೊಂಡು ಬಂದೆ. ನಾನು ಇನ್ನೂ ಕ್ಷಮೆ ಕೇಳಬೇಕಾಗಿರುವುದು ಆ ಕಂಡಕ್ಟರನಲ್ಲಿ.